ಕಿಟಕಿಯಲ್ಲಿಟ್ಟ ಬಾಲ್ ಜಾಯಿಂಟ್

ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದೆ. ಕಿಟಕಿಯ ಕಟ್ಟೆಯಲ್ಲಿಟ್ಟ ಕಬ್ಬಿಣದ ತುಂಡು 'ಟೊಕ್, ಟೊಕ್' ಎಂದಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ನೀವು ನಗುತ್ತೀರಿ, ನಗಿ. ನಾನೂ ಮೊದಲು ನಕ್ಕವನೇ.

ಅದು ನಮ್ಮ ಪಿಕಪ್ಪಿನ ಹಳೆಯ ಬಾಲ್ ಜಾಯಿಂಟ್. ಮುಂದಿನ ಚಕ್ರವನ್ನು ಗಾಡಿಗೆ ಹಿಡಿದಿಡುವ, ನಮ್ಮ ಮೊಣಕಾಲಿನ ಗಂಟಿನಂಥ ಭಾಗ. ಕಳಚಿದರೆ ಚಕ್ರ ಅಡ್ಡ ಮಲಗುತ್ತದೆ. ಸೌದಿಯ ಹಾಯಿಲ್‌ನಿಂದ ರಿಯಾದಿಗೆ ಹೋಗುವ ನೇರ ರಸ್ತೆಯಲ್ಲಿ ನಾವು ಓಡಿಸುವ ವೇಗಕ್ಕೆ ಮುಂದಿನ ಕಥೆ ಹೇಳಬೇಕಾಗಿಲ್ಲ. ನನಗಿಂತ ಮೊದಲು ಆ ಗಾಡಿ ಉಡುಪಿ ಕಡೆಯ ಲಾರೆನ್ಸಣ್ಣನ ಕೈಯಲ್ಲಿತ್ತು. ನಾನು ಕೆಲಸ ಕಲಿತದ್ದು ಅವರ ಪಕ್ಕದ ಸೀಟಿನಲ್ಲಿ, ಹೆಚ್ಚಿನ ಪಾಲು ನಿದ್ದೆ ಮಾಡುತ್ತ. ಹೊಂಡಕ್ಕೆ ಇಳಿದಾಗಲೆಲ್ಲ ಎಡಗಡೆಯ ಚಕ್ರದಿಂದ ಟೊಕ್, ಟೊಕ್. ಬದಲಾಯಿಸಬಾರದೇ ಎಂದು ಕೇಳಿದರೆ ಅವರು ಹೇಳುತ್ತಿದ್ದದ್ದು ಒಂದೇ.

"ಶಬ್ದ ಮಾಡುವಂಥದ್ದಕ್ಕೆ ಹೆದರಬೇಡ ಮಾರಾಯ. ಅದು ಹೇಳಿಯೇ ಹೋಗ್ತದೆ. ಸುಮ್ಮನಿರುವುದನ್ನು ನೋಡಿಕೋ."

ಅವರು ಮಾತ್ರ ಹೇಳದೆ ಹೋದರು. ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅವರನ್ನು ಊರಿಗೆ ಕಳುಹಿಸುವ ಓಡಾಟವನ್ನೆಲ್ಲ ಮಾಡಿದ್ದು ನಮ್ಮ ಮ್ಯಾನೇಜರ್, ಭಟ್ಕಳದ ಇಬ್ರಾಹಿಂ ಸಾಹೇಬರು. ವಿಮಾನ ಹಾರಿದ ಮೇಲೆ ಸಾಹೇಬರು ಪಿಕಪ್ಪಿನ ಬಾಗಿಲು ಹಿಡಿದುಕೊಂಡು ಅತ್ತದ್ದನ್ನು ನಾನು ನೋಡಿದ್ದೇನೆ.

ಗಾಡಿ ನನ್ನ ಪಾಲಿಗೆ ಬಂತು. ಮಹಾ ಬುದ್ಧಿವಂತನ ಹಾಗೆ ಅಗ್ಗಕ್ಕೆ ಸಿಕ್ಕ ಹೊಸ ಜಾಯಿಂಟ್ ತಂದು ಹಾಕಿಸಿದೆ. ಹಳೆಯದು ಗ್ಯಾರೇಜಿನ ಗುಜರಿ ಡ್ರಮ್ಮಿಗೆ ಬಿತ್ತು. ಗಾಡಿ ಸದ್ದಿಲ್ಲದೆ ಓಡತೊಡಗಿತು, ಅದೇ ನನಗೆ ಸರಿಬರಲಿಲ್ಲ. ಪಕ್ಕದ ಸೀಟಿನಲ್ಲಿ ಯಾರೋ ಮಾತು ಬಿಟ್ಟು ಕೂತ ಹಾಗಿತ್ತು.

ಒಂದು ದಿನ ನಡುಮಧ್ಯಾಹ್ನ, ರಿಯಾದಿನ ದಾರಿಯಲ್ಲಿ ಶಬ್ದ ಮತ್ತೆ ಬಂತು. ಅದೇ ಲಯ, ಅದೇ ಎಡಗಡೆ. ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆ. ಸುತ್ತ ಮರಳು, ಬಿಸಿಲು, ಒಂದು ನೊಣ ಕೂಡ ಇಲ್ಲ. ಇಳಿದು ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತೆ. ನಿಂತ ಚಕ್ರದ ಒಳಗಿಂದ ಮತ್ತೊಮ್ಮೆ ಟೊಕ್, ಟೊಕ್. ಬಗ್ಗಿ ನೋಡಿದರೆ ಹೊಸ ಜಾಯಿಂಟಿನ ನಟ್ಟು ಬಿಚ್ಚಿಕೊಂಡು ಕೊನೆಯ ಸುತ್ತಿನಲ್ಲಿ ನಿಂತಿತ್ತು; ಅದು ತಿರುಗದಂತೆ ಚುಚ್ಚುವ ಪಿನ್ನನ್ನು ಗ್ಯಾರೇಜಿನವನು ಹಾಕಿರಲೇ ಇಲ್ಲ.

ಸಡಿಲ ನಟ್ಟಿನ ಶಬ್ದವೇ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಂತ ಗಾಡಿಯಲ್ಲಿ ನಟ್ಟು ಹೇಗೆ ಬಡಿಯುತ್ತದೆ ಎಂದು ಮಾತ್ರ ಕೇಳಬೇಡಿ. ನಟ್ಟನ್ನು ಬಿಗಿದು, ಮೆಲ್ಲಗೆ ಓಡಿಸಿಕೊಂಡು ಹಾಯಿಲ್‌ಗೆ ಮರಳಿ ಗುಜರಿ ಡ್ರಮ್ಮಿಗೆ ಕೈಹಾಕಿದರೆ ಹಳೆಯ ಜಾಯಿಂಟ್ ಎಲ್ಲಕ್ಕಿಂತ ಮೇಲೆಯೇ ಇತ್ತು. ಅಲ್ಲಾಡಿಸಿದರೆ ಸವೆದ ಗುಂಡು ಸದ್ದು ಮಾಡಬೇಕು, ಮಾಡಲಿಲ್ಲ. ಅದನ್ನು ಕೋಣೆಗೆ ತಂದಿಟ್ಟುಕೊಂಡೆ. ಅಂದಿನಿಂದ ಇವತ್ತಿನವರೆಗೂ ಅದು ತುಟಿ ಬಿಚ್ಚಿರಲಿಲ್ಲ.

ಇವತ್ತು ರಿಯಾದಿಗೆ ಲೋಡು ಹೋಗಬೇಕು. ಚಹಾ ಆರಿಹೋಗಿದೆ. ಹೊರಟೆಯಾ ಎಂದು ಸಾಹೇಬರು ಫೋನ್ ಮಾಡಿದರು. ಇಲ್ಲ, ಗಾಡಿಯನ್ನು ಗ್ಯಾರೇಜಿಗೆ ಬಿಡುತ್ತೇನೆ ಎಂದೆ. ಮೊನ್ನೆಯಷ್ಟೇ ಎಲ್ಲ ನೋಡಿಸಿದ್ದಲ್ಲವಾ, ಈಗ ಎಂತ ಆಯಿತು ಎಂದು ಕೇಳಿದರು. ಸುಳ್ಳೊಂದನ್ನು ಹುಡುಕುತ್ತ ಕಿಟಕಿಯ ಕಡೆ ನೋಡಿದೆ. ಬಾಯಿಗೆ ನಿಜವೇ ಬಂತು.

"ಲಾರೆನ್ಸಣ್ಣ ಬೇಡ ಅಂದ್ರು."

ಬೈಗುಳಕ್ಕೆ ಕಾದೆ. ಸಾಹೇಬರು ಬೈಯಲಿಲ್ಲ, ಮೆಲ್ಲಗೆ ಕೇಳಿದರು.

"ಬೆಳಿಗ್ಗೆ, ಎರಡು ಸಲ... ನಿನಗೂ ಕೇಳಿತಾ?"