ಅಡಿಗೆಯವರ ಪಂಕ್ತಿ

ಕೊರೊನಾದ ಭಯ ಕಳೆದು ಛತ್ರಗಳಲ್ಲಿ ಮತ್ತೆ ಮದುವೆ ಊಟಗಳು ಶುರುವಾಗಿದ್ದ ವರ್ಷ. ನಾನಾಗ ಶಿವಮೊಗ್ಗದ ಒಂದು ಖಾಸಗಿ ಮನೋವೈದ್ಯ ಆಸ್ಪತ್ರೆಯಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿದ್ದೆ. ಈ ಹೆಸರು ಕೇಳಿ, ಕೆಲಸ ಕೊಡಿಸುವವರೆಂದುಕೊಂಡು ಮಾರ್ಕ್ಸ್ ಕಾರ್ಡ್ ಹಿಡಿದು ಬಂದವರೂ ಇದ್ದಾರೆ. ನಾವು ಕೆಲಸ ಕೊಡಿಸುವುದಿಲ್ಲ. ಕಾಯಿಲೆಯಿಂದಾಗಿ ಕೈತಪ್ಪಿಹೋದ ದಿನನಿತ್ಯದ ಕೆಲಸಗಳನ್ನು, ಸ್ನಾನದಿಂದ ಹಿಡಿದು ಸಂಪಾದನೆಯವರೆಗೆ, ಮತ್ತೆ ರೂಢಿ ಮಾಡಿಸುತ್ತೇವೆ.

ಶ್ರೀನಿಧಿ ಭದ್ರಾವತಿಯ ಹುಡುಗ, ವಯಸ್ಸು ಇಪ್ಪತ್ತನಾಲ್ಕು. ತಂದೆ ಗಣಪತಿ ಭಟ್ಟರು ಮದುವೆ, ಮುಂಜಿಗಳ ಅಡಿಗೆ ಕಂಟ್ರಾಕ್ಟರು. ಮಗ ಅವರ ಬಲಗೈ. ಯಾವುದೋ ಮದುವೆಯಲ್ಲಿ ಯಾರೋ ಅವನ ಹೊಟ್ಟೆ ತಟ್ಟಿ, ‘ಭಟ್ಟರ ಅಡಿಗೆಗೆ ಇದೇ ಜಾಹೀರಾತು’ ಎಂದು ನಕ್ಕಿದ್ದರಂತೆ. ಅಂದಿನಿಂದ ಊಟ ಕಡಿಮೆಯಾಯಿತು. ನೆಂಟರಿಷ್ಟರೆಲ್ಲ ಮೆಚ್ಚಿಕೊಂಡರು. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಯೋಗಿ ಒಂದು ದಿನ ಕುದಿಯುವ ಹುಳಿಯ ಕೊಪ್ಪರಿಗೆಯ ಪಕ್ಕದಲ್ಲೇ ತಲೆಸುತ್ತಿ ವಾಲಿದ. ಜೊತೆಯ ಅಡಿಗೆಯವರು ತೋಳು ಹಿಡಿದು ಎಳೆಯದಿದ್ದರೆ ನಾನು ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಡಾಕ್ಟರು ಅನೊರೆಕ್ಸಿಯಾ ಎಂದರು. ತೂಕ ಹೆಚ್ಚೀತೆಂಬ ಭಯ ಹಸಿವನ್ನೇ ಗೆದ್ದುಬಿಡುವ ಕಾಯಿಲೆ ಅದು. ಹುಡುಗಿಯರಿಗಷ್ಟೇ ಬರುತ್ತದೆಂಬ ತಪ್ಪು ತಿಳಿವಳಿಕೆಯಿಂದ ಇವನ ಚಿಕಿತ್ಸೆ ತಡವಾಗಿತ್ತು. ದೀರ್ಘಕಾಲ ಅಡ್ಮಿಟ್ ಆಗಿದ್ದು ಜೀವಕ್ಕಿದ್ದ ಅಪಾಯ ಕಳೆದ ಮೇಲೆ ನನ್ನ ಬಳಿ ಬಂದ. ಡಾಕ್ಟರದ್ದು ಒಂದೇ ಷರತ್ತು: ಕೆಲಸದ ಜಾಗದಲ್ಲಿ ಉಣ್ಣಲು ಸಾಧ್ಯವಾದರೆ ಮಾತ್ರ ಒಲೆಯ ಮುಂದೆ ನಿಲ್ಲಬಹುದು, ಇಲ್ಲದಿದ್ದರೆ ಬೇರೆ ಉದ್ಯೋಗ ನೋಡಿಕೊಳ್ಳಬೇಕು. ಅದನ್ನು ನೋಡಿ ಹೇಳುವ ಜವಾಬ್ದಾರಿ ನನ್ನದು.

“ನಂಗೆ ಬೇರೆ ಏನೂ ಬರಲ್ಲ ಮೇಡಂ. ಒಲೆ ಒಂದು ಬಿಡಿಸ್ಬೇಡಿ” ಎಂದ ಶ್ರೀನಿಧಿ.

ಆಸ್ಪತ್ರೆಯಲ್ಲಿ ನಮಗೊಂದು ಪುಟ್ಟ ಅಡಿಗೆಮನೆ ಇತ್ತು. ತಾನೇ ಮಾಡಿದ್ದನ್ನು ತಾನು ತಿಂದಾನು ಎಂಬ ಲೆಕ್ಕದಲ್ಲಿ ಅವನ ಕೈಗೆ ಸೌಟು ಕೊಟ್ಟೆ. ಬೂದುಗುಂಬಳದ ಮಜ್ಜಿಗೆಹುಳಿ ಮಾಡಿದ. ನರ್ಸುಗಳು ಎರಡೆರಡು ಸಲ ಹಾಕಿಸಿಕೊಂಡರು. ಎಲ್ಲರಿಗೂ ಉಪಚಾರ ಮಾಡಿ ಬಡಿಸಿ, ನಾನು ತಿರುಗಿ ನೋಡುವಷ್ಟರಲ್ಲಿ ಪಾತ್ರೆ ತೊಳೆದಿಟ್ಟಿದ್ದ. “ನಿಂದು ಊಟ?” ಎಂದರೆ “ಆಯ್ತು ಮೇಡಂ” ಎಂದ. ವಾರ್ಡಿನ ಟೇಬಲ್ಲಿನಲ್ಲಿ ಡಯಟಿಶಿಯನ್ ಹೇಳಿದಷ್ಟನ್ನೂ ಔಷಧಿಯ ಹಾಗೆ ನುಂಗುತ್ತಿದ್ದವನು, ಸೌಟು ಹಿಡಿದರೆ ಬಾಯಿಗೆ ಬೀಗ. ಒಂದು ಹನಿ ನಾಲಿಗೆಗೆ ಬಿಟ್ಟುಕೊಂಡು ಉಪ್ಪು ಸಹ ನೋಡುತ್ತಿರಲಿಲ್ಲ.

ಭಟ್ಟರನ್ನು ಕೇಳಿದೆ. “ನೈವೇದ್ಯದ ಅಡಿಗೆ ಅಲ್ವಾ ಮೇಡಂ, ಎಂಜಲು ಮಾಡೋ ಹಾಗಿಲ್ಲ. ಪರಿಮಳದಲ್ಲೇ ಗೊತ್ತಾಗ್ಬೇಕು” ಎಂದರು ಹೆಮ್ಮೆಯಿಂದ. ನಾನೂ ಅಂಥದ್ದೇ ಮನೆಯಲ್ಲಿ ಬೆಳೆದವಳು, ದೇವರ ಜೊತೆ ಜಗಳಕ್ಕೆ ನಿಲ್ಲುವವಳಲ್ಲ. ಆದರೆ ನೈವೇದ್ಯ ಆದಮೇಲೆ ಏನಾಗುತ್ತದೆ ಎಂದು ನೋಡಬೇಕೆನ್ನಿಸಿತು.

ಶ್ರೀನಿಧಿ ಡಿಸ್ಚಾರ್ಜ್ ಆದ ಮೇಲೆ ಭದ್ರಾವತಿಯ ಛತ್ರವೊಂದರಲ್ಲಿ ಉಪನಯನ, ಅಡಿಗೆ ಭಟ್ಟರದು. ಬೆಳಿಗ್ಗೆಯೇ ಹೋಗಿ ಅಡಿಗೆಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಶ್ರೀನಿಧಿಗೆ ತರಕಾರಿ ಹೆಚ್ಚುವುದಷ್ಟೇ ಕೆಲಸ, ಅದೂ ಕೂತುಕೊಂಡು. ನೈವೇದ್ಯವಾಯಿತು, ಪಂಕ್ತಿಗಳೆಲ್ಲ ಎದ್ದವು. ಅಡಿಗೆಯವರು ಕೈಗೆ ಸಿಕ್ಕಿದ್ದನ್ನು ಎಲೆಗೆ ಹಾಕಿಕೊಂಡು ಒಬ್ಬರು ಮೆಟ್ಟಿಲ ಮೇಲೆ, ಒಬ್ಬರು ಮೂಲೆಯಲ್ಲಿ ಉಂಡರು. ಭಟ್ಟರು ಮಾತ್ರ ಎಲೆ ಮುಟ್ಟಲಿಲ್ಲ. ಹೆಗಲ ಮೇಲೆ ಟವೆಲ್ಲು, ಸೊಂಟದ ಮೇಲೆ ಎಡಗೈ, ನಿಂತುಕೊಂಡೇ ಒಂದು ಲೋಟ ಮಜ್ಜಿಗೆ ಕುಡಿದರು. ಪಕ್ಕದಲ್ಲಿ ಮಗ. ಅದೇ ಟವೆಲ್ಲು, ಅದೇ ಎಡಗೈ, ಅದೇ ಮಜ್ಜಿಗೆ.

ಇಷ್ಟು ದಿನ ಆ ಹುಡುಗನ ಹಟದ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. ಆ ಹೊತ್ತಿಗೆ ಅದು ಇಳಿದುಹೋಯಿತು.

“ಕೆಲಸದ ದಿನ ನೀವು ಊಟ ಮಾಡೋದೇ ಇಲ್ವಾ?” ಎಂದೆ.

“ಹೊಗೇಲೇ ಹೊಟ್ಟೆ ತುಂಬಿರತ್ತೆ. ಕೂತು ಉಂಡ್ರೆ ಅಡಿಗೆಯವ್ನು ಅನ್ನಿಸ್ಕೊಳ್ಳಲ್ಲ.”

“ಇನ್ಮೇಲೆ ನೀವು ಎಲೆ ಹಾಕ್ಕೊಂಡು ಅವನ ಪಕ್ಕ ಕೂರ್ಬೇಕು ಭಟ್ಟರೇ.”

ಅವರ ಮುಖ ಬಿಗಿಯಿತು. “ಅಂದ್ರೆ ನನ್ನಿಂದ್ಲೇ ಕಾಯಿಲೆ ಬಂತು ಅಂತೀರಾ?”

“ಖಂಡಿತ ಇಲ್ಲ. ಆದ್ರೆ ಬಂದ ಕಾಯಿಲೆಗೆ ನಿಮ್ಮ ಅಡಿಗೆಕೋಣೇಲಿ ಕೂರೋಕೆ ಮಣೆ ಸಿಕ್ಕಿದೆ. ಅಲ್ಲಿ ಉಣ್ಣದೇ ಇರೋನೇ ದೊಡ್ಡ ಕೆಲಸಗಾರ.”

ಭಟ್ಟರು ಪಾತ್ರೆ ಲೆಕ್ಕ ಹಾಕಲು ಹೊರಟುಹೋದರು. ಎರಡು ವಾರ ಸುದ್ದಿಯಿಲ್ಲ. ಶ್ರೀನಿಧಿ ಮಾತ್ರ ತಪ್ಪದೆ ಬಂದು, ಒಲೆಯ ವಿಷಯ ಏನಾಯಿತೆಂದು ಕೇಳಿ ಹೋಗುತ್ತಿದ್ದ. ಆಮೇಲೊಂದು ದಿನ ಭಟ್ಟರ ಫೋನು. “ನಾಳಿದ್ದು ಕಾಗದನಗರದಲ್ಲಿ ಒಂದು ಸೀಮಂತ ಇದೆ. ಬಂದು ಹೋಗಿ” ಎಂದಷ್ಟೇ ಹೇಳಿ ಇಟ್ಟರು.

ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನ ಅಂಗಳದಲ್ಲಿ ಶಾಮಿಯಾನ. ಕಡೆಯ ಪಂಕ್ತಿ ಎದ್ದ ಮೇಲೆ ಭಟ್ಟರು ತಾವೇ ನೆಲ ಒರೆಸಿ, ಸಾಲಾಗಿ ಆರು ಎಲೆ ಹಾಕಿಸಿದರು. ಮೊದಲು ತಾವು ಕೂತರು. ಅಡಿಗೆಯವರು ಮುಖ ಮುಖ ನೋಡಿಕೊಂಡು ಕೂತರು. ಶ್ರೀನಿಧಿ ಟವೆಲ್ಲು ಹಿಂಡುತ್ತ ನಿಂತೇ ಇದ್ದ.

“ಬಾ ಮಾರಾಯ, ಎಲೆ ಕಾಯ್ತಾ ಇದೆ” ಎಂದರು ಭಟ್ಟರು.

ಕೂತ. ಅನ್ನ, ತೊವ್ವೆ ಬಂತು. ತುಪ್ಪ ಬಿದ್ದದ್ದೇ ಅವನ ಕೈ ನಿಂತಿತು. ಉಳಿದವರದ್ದು ಅಡಿಗೆಯವರ ಊಟ, ಸರಸರ ಮುಗಿಯಿತು. ಆದರೆ ಸಾಲಿನಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಎಲ್ಲರ ಕೈಯೂ ಒಣಗಿತು. ಭಟ್ಟರು ಮಗನ ಎಲೆಯ ಕಡೆ ಒಮ್ಮೆಯೂ ನೋಡಲಿಲ್ಲ. ಅವನು ಅನ್ನ ಕಲಸುತ್ತಿದ್ದ, ನಿಲ್ಲಿಸುತ್ತಿದ್ದ, ಒಂದು ತುತ್ತು ತೆಗೆದುಕೊಳ್ಳುತ್ತಿದ್ದ.

ಮನೆಯ ಯಜಮಾನರು ಬಾಗಿಲಿಗೆ ಬಂದರು. “ಭಟ್ರೇ, ತಾಂಬೂಲದ ಸಿಹಿ ಕಟ್ಟಿಸ್ಕೊಡಿ, ಮುತ್ತೈದೆಯರು ಹೊರಡ್ತಿದಾರೆ.”

ಮೂವತ್ತು ವರ್ಷ ಕರೆದವರಿಗೆಲ್ಲ ಎದ್ದು ಓಡಿದ ಮನುಷ್ಯ ಕೂತಲ್ಲಿಂದ ಕದಲಲಿಲ್ಲ. “ಪಂಕ್ತಿ ಇನ್ನೂ ಎದ್ದಿಲ್ಲ ಸ್ವಾಮಿ. ಸ್ವಲ್ಪ ಇರಿ” ಎಂದರು.

ಶ್ರೀನಿಧಿಯ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ, ಉಂಡ. ಹುಳಿಯನ್ನ, ಆಮೇಲೆ ಮೊಸರನ್ನ, ಎಲೆ ಬರಿದಾಗುವವರೆಗೆ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿಲ್ಲ.

ಒಂದು ಊಟದಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಆ ಪಂಕ್ತಿ ಪ್ರತಿ ಕೆಲಸದ ದಿನವೂ ಕೂತಿತು. ತಿಂಗಳುಗಳ ನಂತರ ಡಾಕ್ಟರೂ ನಾನೂ ಒಪ್ಪಿದ ಮೇಲೆ ಶ್ರೀನಿಧಿ ಒಲೆಯ ಮುಂದೆ ನಿಂತ. ನಡುವೆ ಒಮ್ಮೆ ಮತ್ತೆ ಜಾರಿ ಆಸ್ಪತ್ರೆಗೂ ಬಂದು ಹೋದ. ಈಗಲೂ ಒಳ್ಳೆಯ ತಿಂಗಳು, ಕೆಟ್ಟ ತಿಂಗಳು ಎರಡೂ ಇವೆ. ಒಲೆ ಮಾತ್ರ ಅವನದೇ.

ನಮ್ಮ ವಾರ್ಡಿನಲ್ಲಿ ಮೊದಲು ರೋಗಿ ಉಣ್ಣುವಾಗ ನಾವು ಎದುರಿಗೆ ನಿಂತು ನೋಡುತ್ತಿದ್ದೆವು. ಈಗ ನಮ್ಮ ಊಟವನ್ನೂ ತಂದು ಪಕ್ಕದಲ್ಲಿ ಕೂರುತ್ತೇವೆ. ಉಣ್ಣಿಸುವುದು ಕಷ್ಟವೆಂದುಕೊಂಡಿದ್ದೆ, ಏಳದೆ ಕೂರುವುದು ಅದಕ್ಕಿಂತ ಕಷ್ಟ. ಆ ಹೊತ್ತಿನಲ್ಲಿ ಯಾರು ಕರೆದರೂ ನಾನು ಹೇಳುವುದು ಭಟ್ಟರ ಮಾತನ್ನೇ: ಪಂಕ್ತಿ ಇನ್ನೂ ಎದ್ದಿಲ್ಲ, ಸ್ವಲ್ಪ ಇರಿ.