ಹರಿಗೋಲಿನ ದೊಡ್ಡವ್ವ

ಅವಳ ಬಲಭುಜ ಎಡಭುಜಕ್ಕಿಂತ ಎತ್ತರ. ಹುಟ್ಟು ಹಾಕಿ ಹಾಕಿ ಹಾಗಾಗಿತ್ತು. ತುಂಗಭದ್ರೆಗೆ ಇನ್ನೂ ಅಣೆಕಟ್ಟು ಕಟ್ಟಿರದ ಕಾಲ. ಗಂಗಾವತಿ ಸೀಮೆಯ ನಮ್ಮೂರ ದಂಡೆಯಲ್ಲಿ, ಗಂಡ ಸತ್ತ ಮೇಲೆ ಅವನ ಹರಿಗೋಲನ್ನು ಅವಳೇ ನಡೆಸುತ್ತಿದ್ದಳು. ರಕ್ತಸಂಬಂಧ ಇರಲಿ ಬಿಡಲಿ, ಊರಿಗೆಲ್ಲ ದೊಡ್ಡವ್ವ.

ಮಳೆನೀರು ನುಗ್ಗಿ ಹೊಳೆ ಕೆಂಪಾಯಿತೆಂದರೆ ಅವಳು ಯಾರನ್ನೂ ಹತ್ತಿಸುತ್ತಿರಲಿಲ್ಲ. ಹರಿಗೋಲನ್ನು ದಂಡೆಯಲ್ಲಿ ಬೋರಲು ಹಾಕಿ, ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವಳು. ತಹಶೀಲಿನ ಜವಾನ ಬಂದರೂ ಅಷ್ಟೇ. ಆದರೆ ತನ್ನ ಕೆಲಸವಿದ್ದರೆ ಅದೇ ನೀರಿಗೆ ಒಬ್ಬಳೇ ಇಳಿಯುವಳು. ಮೊದಲನೆಯದಕ್ಕೆ, ಹೆಂಗಸಿನ ಗುಂಡಿಗೆ ಇಷ್ಟೇ ಎಂದು ನಗುತ್ತಿದ್ದ ಗಂಡಸರೇ ಎರಡನೆಯದಕ್ಕೆ ಗಂಡುಬೀರಿ ಎಂದು ಬೈಯುತ್ತಿದ್ದರು. ಹೇಗಿದ್ದರೂ ತಪ್ಪು ಅವಳದೇ.

ನನ್ನ ಮದುವೆಯ ದಿನ ಹೊಳೆ ಕೆಂಪಾಗಿ ಬಂತು. ಹೆಣ್ಣಿನ ಊರು ಆಚೆ ದಂಡೆಯಲ್ಲಿ. ವರ ಬಾರದೆ ಮುಹೂರ್ತ ಮೀರುವಂತಾದರೆ ಅದೇ ಹಂದರದಲ್ಲಿ ಹುಡುಗಿಯನ್ನು ಸೋದರಮಾವನ ಮಗನಿಗೆ ಧಾರೆಯೆರೆದು ಮುಗಿಸುವುದು ಅವರ ಮನೆತನದ ಪದ್ಧತಿ. ನಾನು ಆಕೆಯನ್ನು ಒಮ್ಮೆ ಮಾತ್ರ ನೋಡಿದ್ದೆ. ಮನಸ್ಸು ಅಲ್ಲೇ ನಿಂತಿತ್ತು. ನಮ್ಮಣ್ಣ, ಆಗುವುದಾಗಲಿ, ದಿಬ್ಬಣವನ್ನೆಲ್ಲ ಹತ್ತಿಸು ಎಂದು ಹಟ ಹಿಡಿದ. ಹೆಂಗಸರು ಮಕ್ಕಳನ್ನು ಅವುಚಿಕೊಂಡು ನಿಂತಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ದೊಡ್ಡವ್ವ ಕೂತಲ್ಲಿಂದ ಏಳಲಿಲ್ಲ. "ನನ್ನ ಜೀವಾ ಹೊಳಿಗೆ ಒಡ್ಡಾಕ ನನಗ ಹಕ್ಕೈತಿ. ಈ ಕೂಸುಗಳ ಜೀವಾ ಒಡ್ಡಾಕ ನೀ ಯಾರು, ನಾ ಯಾರು?" ಎಂದಳು.

ಹೆಣ್ಣಿನ ತಂದೆಗೆ ತಾನೇ ಹೋಗಿ ಹೇಳುವೆನೆಂದು, ಒಬ್ಬರೇ ಕೂರುವ ಪುಟ್ಟ ಹರಿಗೋಲನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ಮೇಲಕ್ಕೆ ನಡೆದು ನೀರಿಗಿಳಿದಳು. ಸೆಳವು ಅವಳನ್ನು ಗಿರಗಿರನೆ ತಿರುಗಿಸುತ್ತ ಕೆಳಗೆ ಒಯ್ದಿತು. ನಡುಹೊಳೆಯ ಬಂಡೆಗಳ ಹಿಂದೆ ಮರೆಯಾದಾಗ ಮೊದಲು ಅತ್ತವನು ನಮ್ಮಣ್ಣ.

ಅವಳು ಆಚೆ ದಂಡೆ ಮುಟ್ಟಿದ್ದಳು. ಹುಡುಗ ದಂಡೆಯಲ್ಲೇ ಇದ್ದಾನೆ, ತಡೆಯಿರಿ ಎಂದು ಬೇಡಿಕೊಂಡಿದ್ದಳು. ಮುಹೂರ್ತ ಮೀರಿದರೂ ಅವರು ಕಾದರು. ನೀರು ಇಳಿದ ಮೇಲೆ ನಮ್ಮ ಮದುವೆಯಾಯಿತು.

ಮುಂದೆ ಕೆಲವು ವರ್ಷಗಳಿಗೆ ದೊಡ್ಡವ್ವ ಚಳಿಜ್ವರದಲ್ಲಿ ತೀರಿಕೊಂಡಳು. ಅವಳಿಗೆ ಅಂಜಿಕೆಯೆಂಬುದೇ ಗೊತ್ತಿರಲಿಲ್ಲ ಎಂದು ಮಣ್ಣಿಗೆ ಬಂದ ಗಂಡಸರೆಲ್ಲ ಕೊಂಡಾಡಿದರು. ಮನೆಗೆ ಬಂದು ಅದನ್ನೇ ಹೆಂಡತಿಗೆ ಹೇಳಿದೆ.

ಅವಳು, "ಅಂಜಿಕಿ ಗೊತ್ತಿತ್ರಿ. ಅವತ್ತ ಹಂದರಕ್ಕ ಬಂದಾಗ ಆಕಿ ಕೈ ಎಷ್ಟು ನಡಗತಿದ್ದವು ಅಂದ್ರ, ನೀರಿನ ತಂಬಿಗಿ ನಾನ ಹಿಡದು ಕುಡಿಸಿದೆ" ಎಂದಳು.

ಅಷ್ಟು ಅಂಜಿಕೊಂಡೇ ಅವಳು ಹೊಳೆ ದಾಟಿದ್ದಳು. ನನ್ನ ಮನೆ, ನನ್ನ ಮಕ್ಕಳು, ಎಲ್ಲ ಆಕೆಯ ಋಣ.