ಮೂತಿ ಇದ್ದ ಅಕ್ಕಮ್ಮನನ್ನು ನೋಡಿ ಬಂದದ್ದು

೧೯೯೮ರಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ. ಅಂದಿನಿಂದ ಗ್ರಾನೈಟ್ ಪಾಲಿಷ್ ಕೆಲಸ. ನಾನು ಉಜ್ಜಿದ ಕಲ್ಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಹೇಳಿಕೊಂಡು ತಿರುಗಿದವನು. ಹೋದ ತಿಂಗಳು ನಮ್ಮ ಅಬ್ಬಿಗೆರೆಯ ಊರದೇವತೆಗಳಾದ ಏಳು ಅಕ್ಕಮ್ಮಂದಿರನ್ನು ಕೆತ್ತಿದ ಹಳೇ ಕಲ್ಲನ್ನೂ ಪುಕ್ಕಟೆಯಾಗಿ ಉಜ್ಜಿಕೊಟ್ಟೆ. ಎಣ್ಣೆ, ಸುಣ್ಣದ ಅಡಿಯ ಆ ಮುಖಗಳನ್ನು ನಮ್ಮ ವಯಸ್ಸಿನವರು ಯಾರೂ ಕಂಡಿರಲಿಲ್ಲ. ಕೆರೆದಾಗ ಐದನೆಯವಳ ಮುಖದಲ್ಲೊಂದು ಗಡ್ಡೆ ಸಿಕ್ಕಿತು. ಯಾರೋ ಸಿಮೆಂಟ್ ಮೆತ್ತಿದ್ದಾರೆ ಎಂದುಕೊಂಡು ಮಿಷನ್ ಹಿಡಿದು ಸಮ ಮಾಡಿದೆ. ನನಗೆ ಶಾಲು ಹೊದಿಸುವುದೆಂದು ಊರವರು ನಿಶ್ಚಯಿಸಿದರು. ದೊಡ್ಡಮ್ಮ ಮಾತ್ರ ಕಲ್ಲು ಸವರಿ ನೋಡಿ, "ಭಾನ್ವಾರ ನನ್ ಜೊತೆ ನಮ್ಮೂರ್ಗೆ ಬಾ" ಎಂದಳು. ಅವಳ ತವರು ಅಮೃತಹಳ್ಳಿ.

ಬೆಳಗ್ಗೆ ಎಂಟಕ್ಕೆ ಹೊರಟು ಬಿಇಎಲ್ ಸರ್ಕಲ್‌ನಲ್ಲಿ ಬಸ್ ಬದಲಿಸಿದೆವು. ನನಗೆ ಟಿಕೆಟ್, ಅವಳಿಗೆ ಫ್ರೀ. "ನಾನ್ ಸರ್ಕಾರದ್ ಮಗ್ಳು, ನೀನ್ ಕಾಸ್ ಕೊಡು" ಎಂದು ನಕ್ಕಳು. ಹೆಬ್ಬಾಳದಲ್ಲಿ ಇಡ್ಲಿ ತಿಂದು, ಬಿಸಿಲಲ್ಲಿ ಮುಕ್ಕಾಲು ಗಂಟೆ ಇನ್ನೊಂದು ಬಸ್ಸಿಗೆ ಕಾದೆವು.

ಅಮೃತಹಳ್ಳಿಯಲ್ಲಿ ಅಪಾರ್ಟ್‌ಮೆಂಟ್ ಕಾಂಪೌಂಡಿನ ಪಕ್ಕ, ಬೇವಿನ ಮರದ ಕೆಳಗೆ ನಮ್ಮೂರಿನದೇ ಅಳತೆಯ ಕಲ್ಲು. ಅದರಲ್ಲೂ ಅಕ್ಕಮ್ಮಂದಿರು ಏಳು ಜನ ಸಾಲಾಗಿ ಕೂತಿದ್ದರು. ಐದನೆಯವಳಿಗೆ ಹಂದಿಯ ಮುಖ. ಮುಂದೆ ಚಾಚಿದ ಮೂತಿ ಬೆಣ್ಣೆ ಹಚ್ಚಿ ಹಚ್ಚಿ ಕಪ್ಪಾಗಿ ಮಿನುಗುತ್ತಿತ್ತು. ಅಂಥ ಹೊಳಪು ನನ್ನ ಮಿಷನ್‌ಗೆ ಬಂದಿಲ್ಲ.

"ಊರ್ ಕಾಯೋಳು ಇವ್ಳೇ ಕಣ್ಲಾ," ಎಂದಳು ದೊಡ್ಡಮ್ಮ. "ಯಾರ್ ಬಂದ್ರೂ ಮೂಸ್ ನೋಡೇ ಒಳೀಕ್ ಬಿಡೋಳು. ನೀನ್ ಉಟ್ದಾಗ ಅಬ್ಬಿಗೆರೇಲಿ ನಮ್ಮವ್ಳ ಮೂತೀಗೂ ಇಂಗೇ ಬೆಣ್ಣೆ ಮೆತ್ತಿ, ನಿನ್ನೆತ್ತಿ ಅವ್ಳ ಮುಂದೆ ಇಡ್ದಿದ್ದೆ. ಮೂಸ್ಕಂಡ್ಲು, ಬಿಟ್ಕಂಡ್ಲು."

ತಲೆ ಎತ್ತಲಾಗಲಿಲ್ಲ. "ಕಲ್ಲುಪುಡೀಗೆ ಅಂಟು ಕಲ್ಸಿ ಮೂತಿ ಕೂರಿಸ್ತೀನಿ ದೊಡ್ಡಮ್ಮ, ಗೊತ್ತೇ ಆಗಲ್ಲ" ಎಂದೆ.

"ಯಾರ್ಗ್ ಗೊತ್ತಾಗಲ್ಲ? ಅವ್ಳಿಗಾ?"

ಸಂಜೆ ಐದಕ್ಕೆ ಊರು ಸೇರಿ, ಮನೆಗೆ ಹೋಗದೆ ನೇರ ಅರಳಿಕಟ್ಟೆಗೆ ನಡೆದೆ. ಅಲ್ಲಿ ಕೂತಿದ್ದ ಊರವರಿಗೆ, ಅದು ಸಿಮೆಂಟಲ್ಲ, ಅವಳ ಮುಖ, ತೆಗೆದವನು ನಾನೇ, ಶಾಲು ಬೇಡ ಎಂದು ಹೇಳಿದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಹತ್ತಿರ ಈಗ ಮೂರು ಪಾಲಿಷ್ ಮಿಷನ್, ಒಂದು ಗಾಡಿ, ನಾನೇ ಕಟ್ಟಿಸಿದ ಮನೆ ಇವೆ. ನಮ್ಮೂರ ಏಳು ಅಕ್ಕಮ್ಮಂದಿರಿಗೆ ಆರು ಮುಖ.